ಗೋವಿನಜೋಳ, ಒಂದು ದವಡೆಹಲ್ಲು ಮತ್ತು ನಮ್ಮ ಯಂತ್ರ

ಮನುಷ್ಯನು ಉಳಿದ ಪ್ರಾಣಿಗಳಿಂದ ಬೇರೆಯಾದದ್ದು ಅಳತೆಯಿಂದ ಎಂಬುದು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಮೇಲೆ ನಾನು ಮುಟ್ಟಿದ ತೀರ್ಮಾನ. ಗಜ, ಗ್ರಾಂ, ಗಂಟೆ, ಡಿಗ್ರಿ, ಇವುಗಳ ಮೇಲೆಯೇ ನಾಗರಿಕತೆ ನಿಂತಿದೆ. ಆದರೆ ನಾನು ಕಂಡ ಅಳತೆಯ ಸಾಧನಗಳಲ್ಲೆಲ್ಲ ಅತಿ ನಿಖರವಾದದ್ದು ತಿಳವಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ, ಒಬ್ಬ ಅಜ್ಜಿಯ ಬಲದವಡೆಯ ಕೊನೆಯಲ್ಲಿತ್ತು. ಅದಕ್ಕೆ ಹುಳುಕು ಹಿಡಿದು ಅಲ್ಲಾಡುತ್ತಿತ್ತು.

ಆ ಹಳ್ಳಿಗೆ ನಾನು ಹೋದದ್ದು ಒಂದು ಟ್ರಂಕಿನ ಜೊತೆಗೆ. ನಿವೃತ್ತನಾಗಿ ಮನೆಯಲ್ಲಿ ಕುಳಿತು, ಕುಕ್ಕರಿನ ಸೀಟಿಗಳ ನಡುವಿನ ಅಂತರ ಸಮನಾಗಿಲ್ಲವೆಂದು ಟೀಕೆ ಮಾಡುತ್ತಿದ್ದ ಕಾಲ ಅದು. ಮಕ್ಕಳಿಗೆ ತಂತ್ರಜ್ಞಾನ ಕಲಿಸುವ ಸಂಸ್ಥೆಯೊಂದರವರು ಬಂದು, ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಒಂದೊಂದು ಶಾಲೆಗೆ ವಾರಕ್ಕೊಂದು ದಿನ ಹೋಗಿ ಕಲಿಸುತ್ತೀರಾ ಎಂದು ಕೇಳಿದರು. ನಾನು ಯೋಚನೆ ಮಾಡಿ ಹೇಳುತ್ತೇನೆ ಅನ್ನುವಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿ ಒಪ್ಪಿಕೊಂಡಾಗಿತ್ತು.

ಟ್ರಂಕಿನಲ್ಲಿ ಅಂಗೈಯಗಲದ ಹಸಿರು ಬೋರ್ಡುಗಳು, ಬಣ್ಣಬಣ್ಣದ ವೈರುಗಳು, ಸಣ್ಣದೊಂದು ತಕ್ಕಡಿ, ಎರಡು ಲ್ಯಾಪ್‌ಟಾಪು ಇದ್ದವು. ಬೋರ್ಡಿಗೆ ನಾವು ಬರೆದು ಕಳಿಸಿದ ಸೂಚನೆಯಂತೆ ಅದು ದೀಪ ಹಚ್ಚುತ್ತದೆ, ಶಾಖ ಅಳೆಯುತ್ತದೆ, ಪುಟ್ಟ ಪರದೆಯ ಮೇಲೆ ಅಕ್ಷರ ಮೂಡಿಸುತ್ತದೆ. ಇದನ್ನೆಲ್ಲ ನಾನು ಮಕ್ಕಳಿಗಿಂತ ಒಂದು ದಿನ ಮೊದಲು ಕಲಿಯುತ್ತಿದ್ದೆ. ಕೆಲವು ಸಲ ಒಂದು ದಿನ ಆಮೇಲೆ. ಮೊದಲ ಸೋಮವಾರ ಬಸ್ಸಿನ ಕಂಡಕ್ಟರ್ ಟ್ರಂಕನ್ನು ಕಾಲಿನಿಂದ ಮುಟ್ಟಿ ನೋಡಿದ.

"ಇದರಾಗ ಏನೈತ್ರಿ?"

"ವಿಜ್ಞಾನ."

"ಜೀವ ಇರೂದು ಏನೂ ಇಲ್ಲಲ್ರಿ?"

"ಇನ್ನೂ ಇಲ್ಲ," ಎಂದೆ. ಅವನಿಗೆ ಸಮಾಧಾನವಾಯಿತು.

ಮೊದಲ ಮೂರು ವಾರ ಎಲ್ಲ ಕಡೆ ದೀಪ ಮಿಣುಕಿಸಿದೆವು. ಕೆಂಪು ದೀಪ ಹತ್ತುತ್ತದೆ, ಆರುತ್ತದೆ, ಹತ್ತುತ್ತದೆ. ತಿಳವಳ್ಳಿ ಕಡೆಯ ಆ ಶಾಲೆಯಲ್ಲಿ, ಒಂಬತ್ತನೇ ವರ್ಗದ ಒಬ್ಬ ಹುಡುಗಿ ಬಹಳ ಹೊತ್ತು ಅದನ್ನು ನೋಡಿ, "ಸರ, ಇದು ಮಿಣಕಿ ಏನ ಮಾಡತೈತ್ರಿ?" ಎಂದು ಕೇಳಿದಳು. ಸಂಸ್ಥೆಯವರು ಕೊಟ್ಟ ಪುಸ್ತಕದಲ್ಲಿ ಈ ಪ್ರಶ್ನೆ ಇರಲಿಲ್ಲ. ಉತ್ತರ ತೋಚದ ಮಾಸ್ತರನು ಮಾಡುವ ಕೆಲಸವನ್ನೇ ನಾನೂ ಮಾಡಿದೆ. ಮನೆಗೆಲಸ ಕೊಟ್ಟೆ. ನಿಮ್ಮ ಮನೆಯಲ್ಲಿ ಏನೇನು ಅಳೆಯುತ್ತಾರೆ, ಯಾವುದರಿಂದ ಅಳೆಯುತ್ತಾರೆ, ಬರೆದುಕೊಂಡು ಬನ್ನಿ.

ಗಡಿಯಾರ, ತಕ್ಕಡಿ, ಹಾಲಿನ ಮಾಪು ಎಂದು ಎಲ್ಲರೂ ಬರೆದಿದ್ದರು. ಅದೇ ಹುಡುಗಿ ಒಂದು ಸಾಲು ಬರೆದಿದ್ದಳು: "ಗೋವಿನಜೋಳದ ಹಸಿ. ನಮ್ಮ ಅಜ್ಜಿಯ ಹಲ್ಲು." ವರ್ಗವೆಲ್ಲ ನಕ್ಕಿತು. ಅವಳು ನಗಲಿಲ್ಲ.

ಗೋವಿನಜೋಳವನ್ನು, ಅಂದರೆ ಮೆಕ್ಕೆಜೋಳವನ್ನು, ಹದವಾಗಿ ಒಣಗಿಸಿಯೇ ಚೀಲಕ್ಕೆ ತುಂಬಬೇಕು. ಹಸಿ ಉಳಿದರೆ ಚೀಲದೊಳಗೆ ಕಾವು ಹುಟ್ಟಿ ಬೂಷ್ಟು ಹಿಡಿಯುತ್ತದೆ. ಹಿರೇಕೆರೂರಿನ ಪೇಟೆಯಲ್ಲಿ ಹಸಿ ಅಳೆಯುವ ಯಂತ್ರವೇನೋ ಇದೆ, ಆದರೆ ಅಜ್ಜಿ ಅದನ್ನು ನಂಬುವುದಿಲ್ಲ. "ಅದು ಕೊಳ್ಳಾವ್ರ ಮಿಷನ್ ಐತ್ರಿ. ಅವರ ಉಪ್ಪು ತಿಂದಿರತೈತಿ," ಎಂದು ನನಗೆ ಅವಳು ಮೊದಲ ಭೇಟಿಯಲ್ಲೇ ಹೇಳಿದಳು. ಆದ್ದರಿಂದ ಸುಗ್ಗಿಯಲ್ಲಿ ಆ ಓಣಿಯ ಮನೆಮನೆಯಿಂದ ಅವಳಿಗೆ ಕರೆ ಬರುತ್ತಿತ್ತು. ಹೋಗಿ, ರಾಶಿಯ ನಡುವಿನಿಂದ ಒಂದು ಕಾಳು ತೆಗೆದು, ಬಲದವಡೆಯ ಕೊನೆಗೆ ದೂಡಿ, ಕಣ್ಣು ಮುಚ್ಚಿ ಕಡಿಯುವಳು. ಆಮೇಲೆ ನಾಲ್ಕರಲ್ಲಿ ಒಂದು ಮಾತು ಹೇಳುವಳು. ಹಸಿ. ಮೆತ್ತಗ. ನಾಳಿಗೆ. ಚೀಲಕ್ಕ. ನಾಳಿಗೆ ಎಂದರೆ ಇನ್ನೊಂದು ದಿನದ ಬಿಸಿಲು ಬೇಕು. ಚೀಲಕ್ಕ ಎಂದರೆ ತುಂಬಿ ಬಾಯಿ ಹೊಲಿಯಿರಿ. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಆ ಸಾಲು ಓದಿ ನಾನು ಹುಡುಗಿಯ ಮನೆಗೆ ಹೋದಾಗ ಅಜ್ಜಿ ಕಟ್ಟೆಯ ಮೇಲೆ ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಕುಳಿತಿದ್ದಳು. ಬಲಗೆನ್ನೆ ಬಾತಿತ್ತು.

"ಹಾನಗಲ್ಲಾಗಿನ ಡಾಕ್ಟರ್ ಮೂರು ಸಲ ಹೇಳ್ಯಾರ್ರಿ, ಕೀಳಬೇಕಂತ," ಎಂದಳು ಮೊಮ್ಮಗಳು. "ದಸರಾದಿಂದ ಬರೇ ಗಂಜಿ ಕುಡಿಯಾಕತ್ತಾಳ್ರಿ. ರಾತ್ರಿ ಮಲಗೂದಿಲ್ಲ."

"ಅವಂಗೇನ, ಕೀಳತಾನ," ಎಂದಳು ಅಜ್ಜಿ. "ಆಮ್ಯಾಲ ಸುಗ್ಗ್ಯಾಗ ಓಣಿ ಮಂದಿ ಅವನ ಬಾಯಾಗ ಕಾಳ ಹಾಕ್ತಾರೇನ?"

ಹುಡುಗಿಗೆ ಬೇಕಾದದ್ದು ಇಷ್ಟೇ ಎಂದು ನನಗೆ ಆಗ ತಿಳಿಯಿತು. ಬಹುಮಾನವಲ್ಲ, ಅಂಕವೂ ಅಲ್ಲ. ಆ ಹಲ್ಲಿಗೆ ಬದಲಿ ಬೇಕಾಗಿತ್ತು.

"ಅಜ್ಜಿ, ನಾ ಒಂದು ಡಬ್ಬಿ ಮಾಡ್ತೇನಿ. ಅದು ನಿನ್ನಂಗ ಹೇಳಿದ್ರ ಹಲ್ಲು ಕೀಳಸ್ಕೋತೀಯೇನು?"

ಅಜ್ಜಿ ಮೊಮ್ಮಗಳನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಮಾಸ್ತರ್ರ, ಈಕಿ ಹೇಳೂದು ಆಗತೈತೇನ್ರಿ?"

ನಮ್ಮ ವೃತ್ತಿಯ ಪರಂಪರೆಗೆ ತಕ್ಕಂತೆ, ಏನೂ ಗೊತ್ತಿಲ್ಲದೆ, "ಆಗತೈತಿ" ಎಂದೆ.

"ಹಂಗಾರ ಆತು. ಅದು ನನ್ನಂಗ ಹೇಳಿದ ದಿನ ನಾ ಹಾನಗಲ್ ಬಸ್ ಹತ್ತತೇನಿ. ಅಲ್ಲೀತನಕ ಯಾರೂ ನನ್ನ ಹಲ್ಲಿನ ಸುದ್ದಿ ತಗೀಬ್ಯಾಡ್ರಿ."

ಕೆಲಸ ಸುರುವಾಯಿತು. ಎರಡು ತಗಡುಗಳ ನಡುವೆ ಕಾಳು ತುಂಬಿ ಬೋರ್ಡಿಗೆ ಜೋಡಿಸಿದರೆ, ಕಾಳಿನಲ್ಲಿ ನೀರು ಹೆಚ್ಚಿದ್ದಷ್ಟೂ ಪರದೆಯ ಮೇಲೆ ದೊಡ್ಡ ಅಂಕಿ ಬರುತ್ತದೆ. ತತ್ವ ಇಷ್ಟೇ. ಎಣ್ಣೆಡಬ್ಬಿ ಕತ್ತರಿಸಿ ತಗಡು ಮಾಡಿಕೊಂಡೆವು. ನಲ್ಲಿಯ ಪೈಪಿನ ದಪ್ಪ ತುಂಡೊಂದು ಡಬ್ಬಿಯಾಯಿತು. ಅಂಕಿಯೂ ಬಂತು. ತೊಂದರೆ ಏನೆಂದರೆ, ಅದೇ ಕಾಳನ್ನು ಸುರುವಿ ಮತ್ತೆ ತುಂಬಿದರೆ ಬೇರೆ ಅಂಕಿ ಬರುತ್ತಿತ್ತು. ಮೂರನೇ ಸಲ ಮತ್ತೂ ಬೇರೆ. ನಾನು ವೈರು ಬದಲಿಸಿದೆ, ಬ್ಯಾಟರಿಯನ್ನು ಅನುಮಾನಿಸಿದೆ, ಕೊನೆಗೆ ಹವಾಮಾನದ ಮೇಲೆ ಆರೋಪ ಹೊರಿಸಿದೆ.

ಅಜ್ಜಿ ಇದನ್ನೆಲ್ಲ ಕಟ್ಟೆಯಿಂದ ನೋಡುತ್ತಿದ್ದಳು. "ಸೇರು ಅಳಿಯೂದು ಗೊತ್ತಿಲ್ಲೇನ್ರಿ ನಿಮಗ? ಬಡದ ಅಳದ್ರ ಒಂದು, ಸಡ್ಲ ಅಳದ್ರ ಇನ್ನೊಂದು."

ಸೇರಿನಲ್ಲಿ ಕಾಳು ಅಳೆಯುವವರಿಗೆಲ್ಲ ಗೊತ್ತಿದ್ದ ಮಾತು. ಸಡಿಲಾಗಿ ತುಂಬಿದರೆ ನಡುವೆ ಗಾಳಿ ಉಳಿಯುತ್ತದೆ, ಬಡಿದರೆ ಕಾಳು ಒತ್ತಾಗುತ್ತದೆ. ಡಬ್ಬಿ ತುಂಬಿ, ನೆಲಕ್ಕೆ ಮೂರು ಸಲ ಬಡಿದು, ಮೇಲಿನದನ್ನು ಅಂಗೈಯಿಂದ ಸವರಿದೆವು. ಅಂಕಿಗಳು ಒಂದಕ್ಕೊಂದು ಹತ್ತಿರ ಬಂದು ಕುಳಿತವು. ನಮ್ಮ ಪ್ರಯೋಗದ ವಹಿಯಲ್ಲಿ ನಾನು "ಮಾದರಿಯ ಸಾಂದ್ರತೆಯನ್ನು ಏಕರೂಪಗೊಳಿಸಲಾಯಿತು" ಎಂದು ಬರೆದೆ. ಅದರ ಕೆಳಗೆ ಹುಡುಗಿ "ಅಜ್ಜಿ ಹೇಳಿದ್ದು: ಮೂರು ಸಲ ಬಡಿ" ಎಂದು ಬರೆದಳು. ಈಗ ವಹಿ ತೆಗೆದು ಓದಿದರೆ ಏನು ಮಾಡಿದೆವೆಂದು ತಿಳಿಯುವುದು ಅವಳ ಸಾಲಿನಿಂದಲೇ.

ಇನ್ನು ಯಂತ್ರಕ್ಕೆ ಪಾಠವಾಗಬೇಕು. ಯಾವ ಅಂಕಿಗೆ ಅಜ್ಜಿ ಏನು ಹೇಳುತ್ತಾಳೆ ಎಂಬ ಪಟ್ಟಿ ಬೇಕು. ಅದಕ್ಕೆ ತರತರದ ಕಾಳು ಬೇಕು. ನಾನು ದೊಡ್ಡ ಮನುಷ್ಯನಂತೆ ಯೋಚಿಸಿ, ನಲವತ್ತು ಪ್ಲಾಸ್ಟಿಕ್ ಡಬ್ಬಿ ತಂದು, ಒಂದನ್ನು ನನ್ನ ಮನೆಗಿಟ್ಟುಕೊಂಡು, ಉಳಿದವನ್ನು ನಾಲ್ಕೂ ತಾಲೂಕಿನ ನಮ್ಮ ಮಕ್ಕಳಿಗೆ ಹಂಚಿದೆ. ಜೊತೆಗೊಂದು ಚೀಟಿ: "ನಿಮ್ಮ ಮನೆಯ ಗೋವಿನಜೋಳ ಒಂದು ಡಬ್ಬಿ ಕಳಿಸಿಕೊಡಿರಿ. ವಿಜ್ಞಾನಕ್ಕೆ ಸಹಾಯವಾಗುವುದು."

ಮರುವಾರ ನಲವತ್ತೂ ಬಂದವು. ಸವಣೂರಿನ ಡಬ್ಬಿಗಳ ಜೊತೆ ಖಾರದ ಪೊಟ್ಟಣ. ಶಿಗ್ಗಾವಿಯಿಂದ ಒಂದರೊಳಗೆ ಕಾಳಿನ ಮೇಲೆ ಬೆಲ್ಲದ ಹರಳು. ಹಿರೇಕೆರೂರಿನಿಂದ ಲಿಂಬೆಹಣ್ಣು. ಖಾಲಿ ಪಾತ್ರೆ ಮರಳಿಸದ ಸೀಮೆ ಇದು. ಕಾಳು ತುಂಬಿದ್ದರೂ ಅದು ಕೇಳಿದ್ದನ್ನು ಕೊಟ್ಟಂತಾಯಿತೇ ಹೊರತು ತಾವಾಗಿ ಕೊಟ್ಟಂತಾಗಲಿಲ್ಲವಲ್ಲ. ನಾನು ವಿಜ್ಞಾನದ ಪರವಾಗಿ ಖಾರ ತಿಂದೆ.

ಅಜ್ಜಿ ದಿನಕ್ಕೆ ಆರೇ ಕಾಳು ಕಡಿಯಬಲ್ಲಳಾಗಿದ್ದಳು. ಏಳನೆಯದಕ್ಕೆ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ನಾನಿಲ್ಲದ ದಿನಗಳಲ್ಲಿ ಮೊಮ್ಮಗಳೇ ಒಂದೊಂದು ಡಬ್ಬಿಯ ಅಂಕಿ ಬರೆದು, ಒಂದು ಕಾಳು ಕೊಟ್ಟು, ತೀರ್ಪು ಬರೆದುಕೊಂಡಳು. ಏಳು ದಿನದಲ್ಲಿ ಪಟ್ಟಿ ಮುಗಿಯಿತು. ಅದನ್ನು ಬೋರ್ಡಿಗೆ ಹೇಳಿಕೊಡುವ ಕೋಡ್ ಕೂಡ ಅವಳೇ ಬರೆದಳು. ನಾನು ಹಿಂದೆ ನಿಂತು ಗಂಭೀರವಾಗಿ ತಲೆಯಾಡಿಸಿದೆ.

ಕಟ್ಟೆಯ ಮೇಲೆ ಉದ್ಘಾಟನೆ. ಹುಡುಗಿ ಮೊದಲ ಡಬ್ಬಿ ಕಾಳು ತುಂಬಿ, ಮೂರು ಸಲ ಬಡಿದು, ಗುಂಡಿ ಒತ್ತಿದಳು. ಪರದೆಯ ಮೇಲೆ "ಚೀಲಕ್ಕ" ಎಂದು ಬಂತು. ಮನೆಮಂದಿ ಹಿಗ್ಗಿದರು. ಎರಡನೆಯದು ನೆರೆಮನೆಯ ಕಾಳು. ಚೀಲಕ್ಕ. ಅಜ್ಜಿ ಎದ್ದು ಹಿತ್ತಲಿಗೆ ಹೋಗಿ ಆಗಷ್ಟೇ ಮುರಿದ ತೆನೆ ತಂದು, ಉಗುರಿನಿಂದ ಒತ್ತಿ ಹಾಲು ಚಿಮ್ಮಿಸಿ ನನಗೆ ತೋರಿಸಿ, ಕಾಳು ಬಿಡಿಸಿ ಡಬ್ಬಿಗೆ ಹಾಕಿದಳು. ಯಂತ್ರ ತುಸು ಹೊತ್ತು ಆಲೋಚಿಸಿತು. ಚೀಲಕ್ಕ.

"ನಮ್ಮ ಎಮ್ಮಿ ಇದಕ್ಕಿಂತ ಶಾಣ್ಯಾ ಐತಿ," ಎಂದಳು ಅಜ್ಜಿ. "ಹಸಿ ಯಾವುದು, ಒಣಗಿದ್ದು ಯಾವುದು, ಮೂಸಿ ಹೇಳತೈತಿ."

ನಾನು ಮತ್ತೆ ವೈರುಗಳ ಹಿಂದೆ ಬಿದ್ದೆ. ಒಂದು ವಾರ ಹೋಯಿತು. ಮುಂದಿನ ಸೋಮವಾರ ಹುಡುಗಿ ವಹಿ ಹಿಡಿದುಕೊಂಡು ಬಂದಳು.

"ಸರ, ದಿನಕ್ಕ ಆರಾರು ಬರೀವಾಗ ಲಕ್ಷ್ಯಕ್ಕ ಬರಲಿಲ್ರಿ, ಅಜ್ಜಿ ನಲವತ್ತಕ್ಕೂ 'ಚೀಲಕ್ಕ' ಅಂದಾಳ್ರಿ. ಇದರಾಗ ಹಸೀದು ಒಂದೂ ಇಲ್ಲ."

"ನಲವತ್ತು ಮನೆಯಲ್ಲಿ ಒಂದೂ ಹಸಿ ಇರಲಿಲ್ಲವೇ?"

"ಇತ್ತ್ರಿ. ನಾ ನಮ್ಮ ವರ್ಗದಾಗ ಎಲ್ಲಾರನ್ನೂ ಕೇಳೀನಿ. ಸಾಲಿಗೆ ಕೊಡೂದಂತ ಅವರವ್ವಗೋಳು ಎರಡು ದಿನ ಬಿಸಲಿಗೆ ಹಾಕಿ, ಹಸನ ಮಾಡಿ, ದಪ್ಪ ಕಾಳು ಆರಿಸಿ ಕೊಟ್ಟಾರ್ರಿ. ಹಸಿ ಕಾಳು ಯಾರರ ಮಂದಿ ಮನಿಗೆ ಕೊಡ್ತಾರೇನ್ರಿ?"

ಆ ವಾರ ಉಳಿದ ಮೂರು ತಾಲೂಕಿನಲ್ಲೂ ವಿಚಾರಿಸಿದೆ. ಅದೇ ಉತ್ತರ. ನಲವತ್ತರಲ್ಲಿ ಒಂದು ಡಬ್ಬಿ ನನ್ನ ಮನೆಯದೇ ಆಗಿತ್ತು. ಅದನ್ನು ನಾನೇ ಅಡಿಗೆಮನೆಯ ಬಾಗಿಲಲ್ಲಿ ಕುಳಿತು, ಮುಕ್ಕಾದ ಕಾಳು ತೆಗೆದು, ಮೊರದಲ್ಲಿ ಹಾಕಿ ಬಿಸಿಲಿಗಿಟ್ಟದ್ದು ಆಗ ನೆನಪಾಯಿತು. ಮನೆ ಬಿಟ್ಟು ಹೊರಗೆ ಹೋಗುವ ಕಾಳು ಹಸನಾಗಿರಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಯಾರೂ ಕಲಿಸದೇ ಇದ್ದದ್ದನ್ನು ಮನುಷ್ಯ ಮರೆಯುವುದೂ ಇಲ್ಲ. ಹೀಗೆ ನಾಲ್ಕು ತಾಲೂಕಿನ ಮರ್ಯಾದೆ ಸೇರಿ ನಮ್ಮ ಯಂತ್ರವನ್ನು ಕೆಡಿಸಿತ್ತು. ಅದು ಹುಟ್ಟಿದಾಗಿನಿಂದ ಕಂಡದ್ದೆಲ್ಲ ಒಣಗಿದ ಕಾಳೇ. ಅದರ ಪಾಲಿಗೆ ಲೋಕದಲ್ಲಿ ಹಸಿ ಎಂಬುದೇ ಇರಲಿಲ್ಲ.

ತಪ್ಪು ಗೊತ್ತಾದ ಮೇಲೆ ತಿದ್ದುವುದು ಸುಲಭ ಎಂದುಕೊಂಡು ಎರಡನೇ ಚೀಟಿ ಬರೆದೆ: "ಹಸಿ ಇರುವ, ಹಸನು ಮಾಡದ ಕಾಳು ಕಳಿಸಿರಿ." ಒಂದು ಡಬ್ಬಿಯೂ ಬರಲಿಲ್ಲ. ಬಂದದ್ದು ಒಬ್ಬ ತಾಯಿ. ಶಾಲೆಯ ಬಾಗಿಲಲ್ಲಿ ನಿಂತು, "ನಮ್ಮ ಮನಿ ಕಾಳು ಹಸಿ ಅದಾವಂತ ಯಾರು ಹೇಳಿದ್ರಿ ನಿಮಗ?" ಎಂದು ಕೇಳಿದಳು. ಯಾರೂ ಹೇಳಿಲ್ಲವೆಂದು ಒಪ್ಪಿಸಲು ಅರ್ಧ ತಾಸು ಬೇಕಾಯಿತು. ಹೋಗುವಾಗ ಅವಳೂ ಒಂದು ಪೊಟ್ಟಣ ಕೊಟ್ಟಳು. ಶೇಂಗಾ ಚಟ್ನಿ.

ದಾರಿ ಹುಡುಕಿದವಳು ಹುಡುಗಿಯೇ. "ಕೇಳೂದ ಬ್ಯಾಡ್ರಿ ಸರ. ಕೇಳಿದ್ರ ಹಸನ ಮಾಡ್ತಾರ. ನಾವ ತಗೊಳ್ಳೂಣು." ಆ ಊರಲ್ಲಿ ಎಲ್ಲರೂ ಗೋವಿನಜೋಳ ಒಣಗಿಸುವುದು ಡಾಂಬರು ರಸ್ತೆಯ ಒಂದು ಮಗ್ಗುಲಿಗೆ, ಸುತ್ತ ಕಲ್ಲಿಟ್ಟು. ಅವರ ಮನೆಯ ಕಾಳು ರಸ್ತೆಗೆ ಬಂದ ದಿನದಿಂದ, ಶಾಲೆಗೆ ಹೋಗುವಾಗ ಒಂದು ಡಬ್ಬಿ, ಮಧ್ಯಾಹ್ನದ ಬಿಡುವಿಗೆ ಒಂದು, ಸಂಜೆ ಒಂದು ತುಂಬಿಕೊಂಡು, ಮುಚ್ಚಳಕ್ಕೆ ಟೇಪು ಸುತ್ತಿ ಹೊತ್ತು ಬರೆದಿಟ್ಟಳು. ಹಸಿಗಾಳಿನಿಂದ ಗಟ್ಟಿಗಾಳಿನವರೆಗೆ ಎಲ್ಲ ಹಂತವೂ ಸಿಕ್ಕಿತು. ರಸ್ತೆಯ ಮೇಲಿನ ಕಾಳಿಗೆ ಯಾರ ಮರ್ಯಾದೆಯ ಪ್ರಶ್ನೆಯೂ ಇರುವುದಿಲ್ಲ.

ಅಜ್ಜಿ ಮತ್ತೆ ಕಡಿಯಲು ಕುಳಿತಳು. ದಿನಕ್ಕೆ ಆರು. ಕೆನ್ನೆಯ ಬಾವು ಕಣ್ಣಿನ ಕೆಳಗಿನವರೆಗೆ ಏರಿತ್ತು. ಹುಡುಗಿ ಆರರಲ್ಲಿ ಒಂದು ಹಿಂದಿನ ದಿನದ ಡಬ್ಬಿಯದನ್ನೇ ಗುಟ್ಟಾಗಿ ಸೇರಿಸುತ್ತಿದ್ದಳು, ಅಜ್ಜಿ ಅದೇ ಮಾತು ಹೇಳುತ್ತಾಳೋ ಇಲ್ಲವೋ ನೋಡಲು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

"ಇದನ್ನ ನಿನ್ನೆ ಕಡದೀನಿ," ಎಂದಳು ಅಜ್ಜಿ ಒಂದು ದಿನ. "ನನಗ ಪರೀಕ್ಷಾ ಇಟ್ಟೀಯೇನ, ಖೋಡಿ?"

"ಹೌದು."

ಅಜ್ಜಿ ಮುಂದಿನ ಕಾಳಿಗೆ ಕೈಚಾಚಿದಳು. "ಇಡು. ಇಲ್ಲೀತನಕ ಯಾರೂ ಇಟ್ಟಿದ್ದಿಲ್ಲ."

ಪಟ್ಟಿಯಲ್ಲಿ ಈಗ ನಾಲ್ಕೂ ಮಾತುಗಳಿದ್ದವು. ಕೋಡ್ ತಿದ್ದಿಯಾಯಿತು. ನಾನು ಟ್ರಂಕು ಹೊತ್ತು ಉಳಿದ ತಾಲೂಕುಗಳಿಗೆ ಹೋಗಿ, ಮರುವಾರ ಮರಳಿ ಬಂದೆ. ಆ ಸೋಮವಾರ ಮೋಡ ಹಾಕಿತ್ತು. ರಸ್ತೆಯ ಮೇಲೆ ಅವರ ಕೊನೆಯ ರಾಶಿ ಬಿದ್ದಿತ್ತು. ತುಂಬಬೇಕೋ, ತಾಡಪತ್ರಿ ಹೊದಿಸಿ ನಾಳೆಯ ಬಿಸಿಲಿಗೆ ಕಾಯಬೇಕೋ ಎಂದು ತೀರ್ಮಾನವಾಗಬೇಕಾಗಿತ್ತು. ಅಜ್ಜಿ ಬಗ್ಗಿ ಒಂದು ಕಾಳು ತೆಗೆದು ಕಡಿದಳು.

"ನಾಳಿಗೆ."

ಹುಡುಗಿ ಡಬ್ಬಿ ತುಂಬಿ, ಮೂರು ಸಲ ಬಡಿದು, ಸವರಿ, ಗುಂಡಿ ಒತ್ತಿದಳು. ಚೀಲಕ್ಕ. ಸುರುವಿ, ರಾಶಿಯ ಇನ್ನೊಂದು ಕಡೆಯಿಂದ ತುಂಬಿ ನೋಡಿದಳು. ಚೀಲಕ್ಕ.

ಒಪ್ಪಂದ ಇದ್ದದ್ದು "ನನ್ನಂಗ ಹೇಳಿದ್ರ" ಎಂದು. ಯಂತ್ರ ಅವಳ ಹಾಗೆ ಹೇಳಲಿಲ್ಲ. ಹುಡುಗಿ ಡಬ್ಬಿಯನ್ನು ರಸ್ತೆಯ ಮೇಲೆ ಇಟ್ಟು ಅದನ್ನೇ ನೋಡುತ್ತ ಕುಳಿತಳು. "ಇರಲಿ ತಂಗಿ, ಬರೂ ವರ್ಷ ಮಾಡಂತಿ," ಎಂದಳು ಅಜ್ಜಿ, ಕೆನ್ನೆಗೆ ಕೈ ಒತ್ತಿಕೊಂಡು.

ಇಬ್ಬರಲ್ಲಿ ಯಾರು ಸರಿ ಎಂದು ತಿಳಿಯಲು ಒಂದು ಹಳೆಯ ವಿಧಾನವಿದೆ. ಕಾಳನ್ನು ಒಡೆದು ತೂಗಬೇಕು, ಸಣ್ಣ ಉರಿಯಲ್ಲಿ ಬಿಸಿ ಮಾಡುತ್ತ ಮತ್ತೆ ಮತ್ತೆ ತೂಗಬೇಕು. ತೂಕ ಇಳಿಯುವುದು ನಿಂತಾಗ ನೀರೆಲ್ಲ ಹೋಯಿತೆಂದು ಅರ್ಥ. ಕಡಿಮೆಯಾದ ತೂಕವೇ ಕಾಳಿನಲ್ಲಿದ್ದ ನೀರು. ಒಮ್ಮೆ ಶಾಲೆಯಲ್ಲಿ ಮಾಡಿ ತೋರಿಸಲು ಹೋಗಿದ್ದೆ. ಘಮಘಮ ವಾಸನೆ ಬಂದು, ಎರಡನೇ ತೂಕಕ್ಕೆ ಮೊದಲೇ ಒಂಬತ್ತನೇ ವರ್ಗವು ಸಾಕ್ಷ್ಯವನ್ನು ತಿಂದು ಮುಗಿಸಿತ್ತು. ಈ ಸಲ ಒಲೆಯ ಮುಂದೆ ಅಜ್ಜಿಯನ್ನೇ ಕೂಡಿಸಿದೆವು. ಅವಳಿಗೆ ತಿನ್ನಲು ಬರುತ್ತಿರಲಿಲ್ಲ.

ಇಪ್ಪತ್ತು ಗ್ರಾಂ ನುಚ್ಚು. ಅಜ್ಜಿ ಕಣ್ಣು ಕದಲಿಸದೆ, ಹೊತ್ತದಂತೆ ಕೈಯಾಡಿಸಿದಳು. ಟ್ರಂಕಿನ ತಕ್ಕಡಿಯ ಮೇಲೆ ಹುಡುಗಿ ತೂಗಿದಳು. ಹತ್ತೊಂಬತ್ತು. ಹದಿನೆಂಟು. ಹದಿನೇಳೂವರೆ. ಹದಿನೇಳು ಪಾಯಿಂಟ್ ನಾಲ್ಕು. ಮತ್ತೆ ಹದಿನೇಳು ಪಾಯಿಂಟ್ ನಾಲ್ಕು. ಇನ್ನು ಇಳಿಯಲಿಲ್ಲ. ಹುಡುಗಿ ಇದ್ದಿಲಿನಿಂದ ನೆಲದ ಮೇಲೆ ಲೆಕ್ಕ ಹಾಕಿದಳು. ನೂರಕ್ಕೆ ಹದಿಮೂರು. ಹದಿನಾಲ್ಕರೊಳಗೆ ಇದ್ದರೆ ಚೀಲಕ್ಕೆ ತುಂಬಬಹುದೆಂಬುದು ಪೇಟೆಯವರೂ ಒಪ್ಪುವ ಮಾತು.

ಅಜ್ಜಿ ಕೈ ಒರೆಸಿಕೊಂಡು, ರಾಶಿಯಿಂದ ತಂದ ಕಾಳಿನಲ್ಲಿ ಒಂದನ್ನು ತೆಗೆದು, ಬಾಯಿ ಅಗಲಿಸಿ ಬಲದವಡೆಯ ಕೊನೆಗೆ ಬೆರಳಿನಿಂದ ದೂಡಿ, ಕಣ್ಣು ಮುಚ್ಚಿ ಕಡಿದಳು. ಕಟ್ ಎಂದ ಸಪ್ಪಳ ನನಗೂ ಕೇಳಿಸಿತು. ಕಣ್ಣಲ್ಲಿ ಬಂದ ನೀರನ್ನು ಸೆರಗಿನಿಂದ ಒರೆಸಿಕೊಂಡಳು.

"ಚೀಲಕ್ಕ," ಎಂದಳು.

"ಮತ್ತ ಆಗಳೇ ನಾಳಿಗೆ ಅಂದಿ?" ಎಂದಳು ಮೊಮ್ಮಗಳು.

"ನಿನ್ನ ಪಟ್ಟಿ ಮುಗದ ಮ್ಯಾಲ ಈ ಕಡೆ ಕಡದಿಲ್ಲ. ತಡ್ಯಾಕ ಆಗವಲ್ದು. ಮುಂದಿನ ಹಲ್ಲಾಗ ಕಡ್ಯಾಕತ್ತಿದ್ದೆ. ಅದರಾಗ ಸಪ್ಪಳ ಬರೂದಿಲ್ಲ, ಎಲ್ಲಾ ಮೆತ್ತಗ ಅನಸತಾವ."

"ಹೇಳಬೇಕಿಲ್ಲೋ?"

"ಹೇಳಿದ್ರ ಓಣ್ಯಾಗ ಯಾರು ಕರೀತಿದ್ರು ನನ್ನ?" ಅಜ್ಜಿ ಡಬ್ಬಿಯನ್ನು ಎತ್ತಿಕೊಂಡು ಒಳಗೆ ಇಣುಕಿದಳು. "ಇದಕ್ಕ ನನ್ನ ಮೊದಲಿನ ಮಾತು ನೆನಪೈತಿ. ನನಗ ಇಲ್ಲ."

ಆಮೇಲೆ ಸೊಸೆಗೆ ಚೀಲ ತರಲು ಹೇಳಿದಳು. ಕತ್ತಲಾಗುವ ಮೊದಲು ರಾಶಿ ತುಂಬಿಯಾಯಿತು. ಮಳೆ ಬರಲಿಲ್ಲ.

ಗುರುವಾರ ಅಜ್ಜಿ ಹಾನಗಲ್ ಬಸ್ ಹತ್ತಿದಳು. ಹಲ್ಲು ಕೀಳಲು ನಾಲ್ಕು ನಿಮಿಷ ಹಿಡಿಯಿತು.